ಅಂಗಾಲು ನೋಡಿದೆ, ಬೆರಳು ನೋಡಲಿಲ್ಲ: ಟ್ರೇಲ್ ಶೂ ಮಾರುವವನ ಅನುಭವ

ಬೆಂಗಳೂರಿನಲ್ಲಿ ಓಟದ ಶೂಗಳನ್ನು ಮಾತ್ರ ಮಾರುವ ಅಂಗಡಿಯೊಂದರಲ್ಲಿ ನಾನು ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಂದವರ ಪಾದ ಅಳೆದು, ಅವರು ಓಡುವ ನೆಲ ಎಂಥದ್ದೆಂದು ಕೇಳಿ, ಅದಕ್ಕೆ ಹೊಂದುವ ಜೋಡಿಯನ್ನು ತೊಡಿಸಿ ನೋಡುವುದು ನನ್ನ ಕೆಲಸ. ಮೊದಲ ನಾಲ್ಕು ವರ್ಷ ಇದು ನನಗೆ ಚೆನ್ನಾಗಿ ಬರುತ್ತದೆ ಎಂದೇ ತಿಳಿದಿದ್ದೆ. ಆ ತಿಳಿವಳಿಕೆ ಎಷ್ಟು ಅರೆಬರೆಯಾಗಿತ್ತು ಎಂಬುದನ್ನು ತೋರಿಸಿಕೊಟ್ಟವರು ಕೊಪ್ಪದ ಕಡೆಯ ಒಬ್ಬ ಗಿರಾಕಿ.

ಅವರಿಗೆ ಆಗ ಐವತ್ತು ದಾಟಿತ್ತು. ಬಾಲ್ಯವನ್ನೆಲ್ಲ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಕಳೆದು, ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ವೈದ್ಯರು ಹೇಳಿದರೆಂದು ಓಡಲು ಶುರುಮಾಡಿದವರು ಕ್ರಮೇಣ ಬೆಟ್ಟದ ಹಾದಿಯ ಓಟಕ್ಕೆ, ಅಂದರೆ ಟ್ರೇಲ್ ಓಟಕ್ಕೆ, ಇಳಿದಿದ್ದರು. ನಮ್ಮ ಅಂಗಡಿಯ ಟ್ರೆಡ್‌ಮಿಲ್ ಮೇಲೆ ಅವರನ್ನು ಓಡಿಸಿ, ಹಿಂದಿನಿಂದ ಕ್ಯಾಮೆರಾ ಹಿಡಿದು, ಕಣಕಾಲು ಒಳಕ್ಕೆ ವಾಲುವುದನ್ನು ಪರದೆಯ ಮೇಲೆ ನಿಲ್ಲಿಸಿ ತೋರಿಸಿದೆ. ‘ನಿಮ್ಮದು ಚಪ್ಪಟೆ ಪಾದ ಸರ್, ಸಪೋರ್ಟ್ ಇರುವ ಶೂ ಬೇಕು’ ಎಂದು ಹೇಳಿ, ಅಂಗಾಲಿನ ಒಳಬದಿಯಲ್ಲಿ ಗಟ್ಟಿ ಫೋಮ್ ಇರುವ ಒಂದು ಜೋಡಿಯನ್ನು ಕೊಟ್ಟೆ. ಮುಂಭಾಗ ಬಿಗಿಯೆಂದು ಅವರು ಹೇಳಿದಾಗ ಅದನ್ನೇ ಒಂದು ಸೈಜು ದೊಡ್ಡದು ತೆಗೆದುಕೊಟ್ಟೆ. ಸರಿಯಾದ ಉತ್ತರ ಕೊಟ್ಟ ವಿದ್ಯಾರ್ಥಿಯ ಸಮಾಧಾನ ನನಗಿತ್ತು.

ಮೂರು ವಾರದ ನಂತರ ಅವರು ಕುಮಾರ ಪರ್ವತದಿಂದ ಕುಕ್ಕೆಗೆ ಇಳಿದು ಬಂದವರು ನೇರವಾಗಿ ಅಂಗಡಿಗೆ ಬಂದು, ಬೆಂಚಿನ ಮೇಲೆ ಕುಳಿತು ಸಾಕ್ಸ್ ಕಳಚಿದರು. ಎರಡೂ ಹೆಬ್ಬೆರಳಿನ ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಲಗಾಲಿನ ಕಿರುಬೆರಳಿನ ಹೊರಬದಿಯಲ್ಲಿ ಒಡೆದ ಗುಳ್ಳೆಯಿತ್ತು. ‘ಏನಪ್ಪಾ, ನಿನ್ನ ಕ್ಯಾಮೆರಾ ಹಿಂದಿನಿಂದ ನೋಡಿತು. ಮುಂದುಗಡೆ ಬೆರಳುಗಳಿವೆ ಅಂತ ಅದಕ್ಕೆ ಗೊತ್ತಾಗಲಿಲ್ವಾ?’ ಎಂದರು. ಸಿಟ್ಟಿಗಿಂತ ಕುತೂಹಲವೇ ಹೆಚ್ಚಿದ್ದ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನು ಕೊಟ್ಟದ್ದು ಒಂದು ಸೈಜು ದೊಡ್ಡ ಶೂ. ಉಗುರು ಬಡಿಯುವುದಕ್ಕೆ ಕಾರಣವೇ ಇರಬಾರದಿತ್ತು.

ಶೂ ಒಳಗಿನ ಇನ್ಸೋಲ್ ತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ನಿಲ್ಲಲು ಹೇಳಿದೆ. ಹೆಬ್ಬೆರಳಿನ ಮುಂದೆ ಒಂದೂವರೆ ಬೆರಳಿನಷ್ಟು ಜಾಗ ಖಾಲಿಯಿತ್ತು. ಕಿರುಬೆರಳು ಮಾತ್ರ ಅರ್ಧಕ್ಕರ್ಧ ಅಂಚಿನಾಚೆ ನೆಲ ಮುಟ್ಟುತ್ತಿತ್ತು. ಬೀಸಣಿಗೆಯಂತೆ ಹರಡಿದ ಬೆರಳುಗಳು, ಅವುಗಳಿಗೆ ಹೋಲಿಸಿದರೆ ಸಣ್ಣದಾದ ಹಿಮ್ಮಡಿ. ಇಂಥ ಪಾದಕ್ಕೆ ಸೈಜು ಏರಿಸುವುದು ಮದ್ದಲ್ಲ. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜು ಎಂದರೆ ಒಂದು ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಉದ್ದ, ಅಗಲ ಹೆಚ್ಚುವುದು ಅದಕ್ಕಿಂತ ಬಹಳ ಕಡಿಮೆ. ಮುಂಭಾಗಕ್ಕೆ ಬೇಕಾದ ಚೂರು ಅಗಲಕ್ಕಾಗಿ ನಾನು ಅವರಿಗೆ ಬೇಡದ ಉದ್ದವನ್ನೂ ಸಡಿಲವಾದ ಹಿಮ್ಮಡಿಯನ್ನೂ ಕೊಟ್ಟಿದ್ದೆ. ಇಳಿಜಾರಿನಲ್ಲಿ ಹಿಮ್ಮಡಿಯನ್ನು ಹಿಡಿದಿಡುವುದು ಯಾವುದೂ ಇಲ್ಲದಿದ್ದಾಗ ಇಡೀ ಪಾದ ಮುಂದಕ್ಕೆ ಜಾರುತ್ತದೆ, ಜಾಗ ಎಷ್ಟಿದ್ದರೂ ಕೊನೆಗೆ ಉಗುರು ಹೋಗಿ ಮುಂಗೋಡೆಗೆ ತಾಗುತ್ತದೆ. ಕುಮಾರ ಪರ್ವತದ ದಾರಿಯಲ್ಲಿರುವ ಗಿರಿಗದ್ದೆಯಿಂದ ಕೆಳಗೆ ಕಲ್ಲು ಬೇರುಗಳ ಹಾದಿಯಲ್ಲಿ ಅದು ಸಾವಿರಾರು ಸಲ ತಾಗಿರಬೇಕು.

ಶೂ ತಯಾರಾಗುವುದು ಲಾಸ್ಟ್ ಎಂಬ ಅಚ್ಚಿನ ಮೇಲೆ. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ಉದ್ದವನ್ನಷ್ಟೇ ಹೇಳುತ್ತದೆ. ಆ ಅಚ್ಚಿನ ಆಕಾರ ಹೇಗಿದೆ, ಬೆರಳುಗಳ ಬಳಿ ಅದು ಮೊನಚಾಗುತ್ತದೆಯೋ ಮೊಂಡಾಗಿ ಉಳಿಯುತ್ತದೆಯೋ, ಪಾದದ ಮೇಲ್ಭಾಗಕ್ಕೆ ಎಷ್ಟು ಎತ್ತರ ಬಿಟ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮಲ್ಲಿ ಸಿಗುವ ಹೊರದೇಶದ ಶೂಗಳ ಅಚ್ಚು ನಮ್ಮ ಪಾದಗಳನ್ನು ನೋಡಿ ಮಾಡಿದ್ದಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದಾಗ, ಭಾರತೀಯರ ಪಾದ ಯುರೋಪಿಯನ್ನರ ಹಾಗೂ ಅಮೆರಿಕನ್ನರ ಪಾದಕ್ಕಿಂತ ಅಗಲವೆಂದು ಕಂಡುಬಂತು. ‘ಭಾ’ ಎಂಬ ದೇಶೀ ಅಳತೆ ಪದ್ಧತಿಯ ಪ್ರಸ್ತಾಪ ಹುಟ್ಟಿದ್ದು ಅಲ್ಲಿಂದಲೇ. ಆ ಸುದ್ದಿ ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಬೆಂಚಿನ ಮುಂದೆ ಮಂಡಿಯೂರಿ ಕುಳಿತು ಕೆಲಸ ಮಾಡುವ ಯಾರಿಗೂ ಆಗುತ್ತಿರಲಿಲ್ಲ.

ಸಪೋರ್ಟ್ ಎಂಬ ಮಾತಿನ ವಿಷಯದಲ್ಲಿ ನಾನು ಕಲಿತದ್ದು ಇದಕ್ಕಿಂತ ನಿಧಾನವಾಗಿ. ಚಪ್ಪಟೆ ಪಾದಕ್ಕೆ ಒಂದು ಬಗೆ, ಅಂಗಾಲಿನ ಎತ್ತರದ ಕಮಾನಿಗೆ ಇನ್ನೊಂದು ಬಗೆ ಎಂಬ ಪಟ್ಟಿ ನಮ್ಮ ಅಂಗಡಿಯ ಗೋಡೆಯ ಮೇಲೆಯೇ ತೂಗುತ್ತಿತ್ತು. ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ಮರೀನ್ ದಳಗಳ ತರಬೇತಿಯಲ್ಲಿದ್ದವರ ಮೇಲೆ ಇದನ್ನೇ ಪರೀಕ್ಷಿಸಿ, ಅಂಗಾಲಿನ ಆಕಾರ ನೋಡಿ ಶೂ ಕೊಟ್ಟವರಿಗೂ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರಿಗೂ ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂಬ ವರದಿಗಳು 2009–10ರ ಹೊತ್ತಿಗೇ ಬಂದಿದ್ದವು. ನಾನು ಅವನ್ನು ಓದಿದ್ದು ತಡವಾಗಿ. ಗೋಡೆಯ ಪಟ್ಟಿ ಇಳಿದದ್ದು ಇನ್ನೂ ತಡವಾಗಿ. ಚಪ್ಪಟೆ ಪಾದ ಹುಟ್ಟಿನಿಂದಲೇ ಹಾಗಿದ್ದು, ನೋವಿಲ್ಲದೆ ಗುಡ್ಡ ಹತ್ತಿಳಿದಿದ್ದರೆ ಅದನ್ನು ತಿದ್ದಲು ಹೋಗುವುದು ಅಂಗಡಿಯವನ ಕೆಲಸವಲ್ಲ. ನೋವಿದ್ದರೆ ಅದು ವೈದ್ಯರ ಕೆಲಸ.

ಅಲ್ಲದೆ, ಟ್ರೆಡ್‌ಮಿಲ್‌ನಲ್ಲಿ ಪ್ರತಿ ಹೆಜ್ಜೆಯೂ ಒಂದೇ ರೀತಿ ಬೀಳುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಹಾದಿಯಲ್ಲಿ ಒಂದು ಹೆಜ್ಜೆ ಚಕ್ರದ ಗುಂಡಿಯ ಅಂಚಿಗೆ, ಮುಂದಿನದು ಉರುಟು ಕಲ್ಲಿಗೆ, ಅದರ ಮುಂದಿನದು ಕೆಸರಿಗೆ ಬೀಳುತ್ತದೆ. ಒಳಬದಿಯ ಗಟ್ಟಿ ಫೋಮ್ ಇವುಗಳಲ್ಲಿ ಯಾವುದನ್ನು ಸರಿಪಡಿಸಬೇಕು? ಅಂಥ ನೆಲದಲ್ಲಿ ಕಾಲಿಗೆ ಆಸರೆಯಾಗುವುದು ಬೇರೆ ಸಂಗತಿಗಳು: ತಳ ಎಷ್ಟು ಅಗಲವಾಗಿದೆ, ಪಾದ ನೆಲದಿಂದ ಎಷ್ಟು ಎತ್ತರದಲ್ಲಿ ಕುಳಿತಿದೆ, ಹಿಮ್ಮಡಿಯ ಬಟ್ಟಲು ಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ, ಲೇಸ್ ಎಳೆದಾಗ ಪಾದದ ನಡುಭಾಗ ಬಿಗಿಯಾಗುತ್ತದೆಯೇ. ದಪ್ಪ ಮೆತ್ತನೆಯ ತಳವಿರುವ ಶೂ ಅಂಗಡಿಯ ನೆಲದ ಮೇಲೆ ಹಾಸಿಗೆಯಂತೆ ಹಿತವಾಗಿರುತ್ತದೆ. ತಳ ಕಿರಿದಾಗಿದ್ದರೆ ಅದೇ ಎತ್ತರ ಕಲ್ಲಿನ ಮೇಲೆ ಕಣಕಾಲನ್ನು ಉಳುಕಿಸುವ ಮೆಟ್ಟಿಲಾಗುತ್ತದೆ.

ಹೀಗಾಗಿ ಬಡಗಿಯಿಂದ ಒಂದು ಹಲಗೆ ಮಾಡಿಸಿದೆ. ನಾಲ್ಕಡಿ ಉದ್ದದ ಪ್ಲೈವುಡ್, ಒಂದು ತುದಿ ಒಂದೂವರೆ ಅಡಿ ಎತ್ತರ, ಮೇಲೆ ಜಾರದಂತೆ ತೆಂಗಿನ ನಾರಿನ ಚಾಪೆ. ಟ್ರೇಲ್ ಶೂ ಕೇಳಿದವರೆಲ್ಲರೂ, ಆದಷ್ಟು ಸಂಜೆಯ ಹೊತ್ತು, ತಾವು ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು, ಅದರ ಮೇಲಿಂದ ಕೆಳಮುಖವಾಗಿ ಕಾಲು ಅಪ್ಪಳಿಸುತ್ತಾ ಇಳಿಯಬೇಕು. ಸಂಜೆ ಏಕೆಂದರೆ, ದಿನವಿಡೀ ನಿಂತ ಪಾದ ಚೂರು ಊದಿರುತ್ತದೆ, ದೂರದ ಓಟದಲ್ಲಿಯೂ ಹಾಗೆಯೇ ಊದುತ್ತದೆ. ಸಮತಟ್ಟಾದ ನೆಲದಲ್ಲಿ ‘ಪರ್ಫೆಕ್ಟ್’ ಎಂದವರಲ್ಲಿ ಎಷ್ಟೋ ಜನ ಹಲಗೆಯ ಮೂರನೇ ಹೆಜ್ಜೆಗೆ ಮುಖ ಕಿವುಚುತ್ತಾರೆ. ಮಾಲೀಕರು ಮೊದಮೊದಲು, ಈ ಹಲಗೆಯಿಂದ ಮಾರಾಟ ಕಡಿಮೆಯಾಗುತ್ತದೆಂದು ಗೊಣಗಿದ್ದುಂಟು. ಆ ಕ್ಷಣದ ಮಟ್ಟಿಗೆ ಅದು ನಿಜವೂ ಹೌದು.

ಹಲಗೆ ಎಲ್ಲ ಪಾದಗಳಿಗೂ ಒಂದೇ ಉತ್ತರ ಕೊಡುವುದಿಲ್ಲ. ಎತ್ತರದ ಕಮಾನಿನವರಿಗೆ ಬೆರಳಿಗಿಂತ ಪಾದದ ಮೇಲ್ಭಾಗದ ಒತ್ತಡವೇ ದೊಡ್ಡ ತೊಂದರೆ; ಅವರಿಗೆ ನಡುವಿನ ಒಂದೆರಡು ಕಣ್ಣುಗಳನ್ನು ಬಿಟ್ಟು ಲೇಸ್ ಕಟ್ಟಿದರೆ ಹೊಸ ಶೂ ಕೊಳ್ಳುವ ಅಗತ್ಯವೇ ಇರುವುದಿಲ್ಲ. ಬೆರಳು ಗಿಡ್ಡವಾಗಿದ್ದು ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗಿನ ಭಾಗ ಉದ್ದವಿದ್ದರೆ, ಶೂ ಮಡಿಯುವ ಜಾಗ ಪಾದ ಮಡಿಯುವ ಜಾಗಕ್ಕೆ ಸೇರುವುದಿಲ್ಲ. ಪಾದ ಅಳೆಯುವ ಬ್ರಾನಾಕ್ ಅಳತೆಪಟ್ಟಿಯಲ್ಲಿ ಇದಕ್ಕೆಂದೇ ಬೇರೊಂದು ಜಾರುಪಟ್ಟಿ ಇದೆ, ನಾನು ನಾಲ್ಕು ವರ್ಷ ಅದನ್ನು ಮುಟ್ಟಿರಲಿಲ್ಲ. ಹಿಮ್ಮಡಿಗೂ ಮುಂಭಾಗಕ್ಕೂ ಇರುವ ಎತ್ತರದ ವ್ಯತ್ಯಾಸವನ್ನು ಡ್ರಾಪ್ ಎನ್ನುತ್ತೇವೆ. ಸಾಲೊಮನ್ ಸ್ಪೀಡ್‌ಕ್ರಾಸ್‌ನಲ್ಲಿ ಅದು 10 ಮಿ.ಮೀ., ಆಲ್ಟ್ರಾ ಲೋನ್ ಪೀಕ್‌ನಲ್ಲಿ ಸೊನ್ನೆ. ಅಗಲ ಮುಂಭಾಗ ಬೇಕೆಂದು ಒಂದರಿಂದ ಇನ್ನೊಂದಕ್ಕೆ ಒಮ್ಮೆಲೇ ಹಾರಿದವರು ಬೆರಳು ಉಳಿಸಿಕೊಂಡು ಮೀನಖಂಡದ ನೋವು ತಂದುಕೊಳ್ಳುತ್ತಾರೆ. ಅಂಥವರಿಗೆ ಮೊದಲ ಕೆಲವು ವಾರ ಹಳೆಯ ಜೋಡಿಯನ್ನೂ ಎಸೆಯಬೇಡಿ ಎಂದು ಹೇಳುತ್ತೇನೆ.

ಕೊಪ್ಪದವರಿಗೆ ಕೊನೆಗೆ ಹೊಂದಿದ್ದು, ಮೊದಲಿನದಕ್ಕಿಂತ ಒಂದು ಸೈಜು ಚಿಕ್ಕದಾದ, ಬೆರಳಿನ ಬಳಿ ಮೊಂಡಾಗಿ ಅಗಲವಾಗಿರುವ, ಸಪೋರ್ಟ್ ಎಂಬ ಹೆಸರೇ ಇಲ್ಲದ ಒಂದು ಶೂ. ಎಲ್ಲಕ್ಕಿಂತ ಮೇಲಿನ ಹೆಚ್ಚುವರಿ ಕಣ್ಣಿನಲ್ಲಿ ಲೇಸ್ ಅನ್ನು ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ ಎಳೆದು, ಹಿಮ್ಮಡಿ ಮಿಸುಕದಂತೆ ಕಟ್ಟುವುದನ್ನು ತೋರಿಸಿದೆ. ಹಲಗೆಯ ಮೇಲೆ ಆರು ಸಲ ಇಳಿದು, ‘ಈಗ ಬೆರಳು ನನ್ನದೇ ಅನಿಸ್ತದೆ’ ಎಂದರು. ಹಳೆಯ ಜೋಡಿಯ ಹಣವನ್ನು ಮಾಲೀಕರು ಅರ್ಧ ಮಾತ್ರ ಹಿಂದಿರುಗಿಸಲು ಒಪ್ಪಿದರು. ಉಳಿದದ್ದನ್ನು ನಾನು ಕೊಡಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆಯಲು ಒಂದು ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಅಷ್ಟೂ ಕಾಲ ಅವರು ಆ ಕಡೆ ಬಂದಾಗಲೆಲ್ಲ ಅಂಗಡಿಯೊಳಗೆ ಬಂದು, ಬೇರೆ ಗಿರಾಕಿಗಳ ಎದುರಿಗೇ ಸಾಕ್ಸ್ ಕಳಚಿ, ಕಪ್ಪು ಎಷ್ಟು ಮೇಲೆ ಸರಿದಿದೆ ಎಂದು ನನಗೆ ತೋರಿಸಿ ಹೋಗುತ್ತಿದ್ದರು.