‘ಹಾನಿ ಮೊದಲು ಗಮನಕ್ಕೆ ಬಂದ ದಿನಾಂಕ’

ಮಾರ್ಚ್ 14, 2025, ಶುಕ್ರವಾರ, ರಾತ್ರಿ

ಹಾನಿಯನ್ನು ಅಳೆಯಲು ವಿಮಾ ಕಂಪನಿಯ ಪರವಾಗಿ ಬರುವ ಸರ್ವೇಯರ್ ಬಂದು ಹೋಗಿ ಐದು ಗಂಟೆ ಕಳೆದರೂ ಕ್ಲೇಮ್ ಅರ್ಜಿಯ ಏಳನೆಯ ಕಾಲಂ ತುಂಬಲು ನನ್ನಿಂದ ಆಗಿಲ್ಲ. ಹೆಸರು, ಪಾಲಿಸಿ ಸಂಖ್ಯೆ, ಹಾಳಾದ ವಸ್ತುಗಳ ಪಟ್ಟಿ ಎಲ್ಲವೂ ಮುಗಿದಿವೆ. ‘ಹಾನಿ ಮೊದಲು ಗಮನಕ್ಕೆ ಬಂದ ದಿನಾಂಕ’ ಎಂಬ ಸಾಲಿನ ಮುಂದೆ ಮಾತ್ರ ಜಾಗ ಖಾಲಿ ಉಳಿದಿದೆ.

ಮಂಗಳವಾರ ಬೆಳಗಿನ ಜಾವದ ಗಾಬರಿಯನ್ನು ಅಂದೇ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ. ಬಚ್ಚಲುಮನೆಯ ಗೋಡೆಯೊಳಗಿನ ಪೈಪ್ ಒಡೆದು ಮೂರು ಕೋಣೆಗಳಿಗೆ ನೀರು ನುಗ್ಗಿದಾಗ ನಾನು ಮಾಡಿದ ಕೆಲಸಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ಇಂದು ತಿಳಿಯಿತು. ಮುಖ್ಯ ವಾಲ್ವ್ ಮುಚ್ಚಿ, ವಿದ್ಯುತ್ ಸಂಪರ್ಕ ಕಡಿದು, ನೀರು ಬಳಿಯುವ ಮೊದಲೇ ಪ್ರತಿ ಕೋಣೆಯ ಫೋಟೊ ತೆಗೆದದ್ದು ಸರಿಯಾಗಿತ್ತು. ಗೋಡೆಗೆ ಅಡಿಪಟ್ಟಿ ಹಿಡಿದು ನೀರು 4 ಸೆಂಟಿಮೀಟರ್ ನಿಂತಿದ್ದನ್ನು ತೋರಿಸುವ ಫೋಟೊವನ್ನು ಸರ್ವೇಯರ್ ಎರಡು ಬಾರಿ ನೋಡಿದರು. ಪ್ಲಂಬರ್ ಕತ್ತರಿಸಿ ತೆಗೆದ ಪೈಪಿನ ತುಂಡನ್ನು ಬಿಸಾಡಲು ಬಿಡದೆ ಚೀಲದಲ್ಲಿ ಕಟ್ಟಿಟ್ಟದ್ದೂ ಒಳ್ಳೆಯದಾಯಿತು. ಆದರೆ ನೆನೆದು ನಾರುತ್ತಿದ್ದ ಹಾಸಿಗೆಯನ್ನು ಅಂದೇ ಸಂಜೆ ಹೊರಗೆ ಹಾಕಿಸಿದ್ದೆ. ಹಾಳಾದ ವಸ್ತುವನ್ನು ಅವರು ಕಣ್ಣಾರೆ ನೋಡುವವರೆಗೆ ಇಟ್ಟುಕೊಳ್ಳಬೇಕಿತ್ತಂತೆ. ಅದರ ಫೋಟೊ ಇದೆ ಎಂದೆ. ‘ಇದ್ದರೆ ಬರೆಯೋಣ, ಒಪ್ಪುವುದು ಬಿಡುವುದು ಕಂಪನಿಗೆ ಸೇರಿದ್ದು’ ಎಂದರು.

ಅವರು ನಿಧಾನದ ಮನುಷ್ಯ. ಪೈಪಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಿರುಕಿನ ಅಂಚಿನ ಮೇಲೆ ಉಗುರು ಆಡಿಸಿದರು. ಅಂಚು ಹೊಸದಾಗಿತ್ತು, ಅಲ್ಲಿ ಪಾಚಿಯಾಗಲಿ ಬಿಳಿ ಉಪ್ಪಾಗಲಿ ಕಟ್ಟಿರಲಿಲ್ಲ. ಆಮೇಲೆ ಎರಡು ಸೂಜಿಗಳಿರುವ ಪುಟ್ಟ ಉಪಕರಣವೊಂದನ್ನು ತೆಗೆದು ಗೋಡೆಯ ಉದ್ದಕ್ಕೂ ಅಲ್ಲಲ್ಲಿ ಚುಚ್ಚುತ್ತಾ ಹೋದರು. ಗಾರೆಯಲ್ಲಿ ತೇವ ಹೆಚ್ಚಿದ್ದಷ್ಟೂ ಆ ಸೂಜಿಗಳ ನಡುವೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಅದನ್ನೇ ಅದು ಅಂಕಿಯಾಗಿ ತೋರಿಸುತ್ತದೆ ಎಂದು ನಾನು ಕೇಳದಿದ್ದರೂ ವಿವರಿಸಿದರು. ನನ್ನ ಕೋಣೆಯ ಗೋಡೆಯಲ್ಲಿ ಅಂಕಿಗಳು ಕೆಳಗೆ ಹೆಚ್ಚು, ಮೇಲೆ ಹೋದಂತೆ ಕಡಿಮೆ ಇದ್ದವು. ಅಮ್ಮನ ಬಟ್ಟೆಯ ಕಪಾಟಿನ ಹಿಂದೆ ಮಾತ್ರ ಎದೆಯ ಎತ್ತರದಲ್ಲಿಯೂ ಅಂಕಿ ಇಳಿಯಲಿಲ್ಲ. ಕಪಾಟನ್ನು ಈಚೆಗೆ ಸರಿಸಿದೆವು. ಗೋಡೆಯ ಮೇಲೆ ಕಂದು ಬಣ್ಣದ ಕಲೆ ಇತ್ತು. ಒಂದರೊಳಗೊಂದು ನಾಲ್ಕೈದು ಉಂಗುರಗಳು ಮೂಡಿದ್ದವು. ಪ್ಲೈವುಡ್ಡಿನ ಹಿಂಬದಿಯ ಪದರಗಳು ಬಿಟ್ಟುಕೊಂಡಿದ್ದವು, ಮೊಳೆಗಳ ತಲೆಗೆ ತುಕ್ಕು ಹಿಡಿದಿತ್ತು.

‘ಇಲ್ಲಿ ತೇವ ಯಾವಾಗಿನಿಂದ ಇದೆ?’ ಎಂದು ಅವರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ನಿಂತಿದ್ದ ಅಮ್ಮ, ‘ಒಂದು ತಿಂಗಳಿಂದ ಮುಗ್ಗಲು ವಾಸನೆ ಬರುತ್ತಿತ್ತು. ಇವಳಿಗೆ ಹೇಳಿದ್ದೆ’ ಎಂದುಬಿಟ್ಟರು.

ಸರ್ವೇಯರ್ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಆ ಒಂದು ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಏನೇನು ಹಾದುಹೋಯಿತು ಎಂಬುದನ್ನು ಮುಚ್ಚಿಡದೆ ಬರೆಯಬೇಕೆಂದೇ ಇಂದು ಕುಳಿತಿದ್ದೇನೆ. ಅಮ್ಮನಿಗೆ ವಯಸ್ಸಾಗಿದೆ, ದಿನಗಳ ಲೆಕ್ಕ ತಪ್ಪುತ್ತದೆ ಎಂದು ಹೇಳಿಬಿಡಬಹುದಿತ್ತು, ಸರ್ವೇಯರ್ ನಂಬುತ್ತಿದ್ದರೋ ಏನೋ. ಹಾಗೆ ಅನ್ನಿಸಿದ್ದು ಏಕೆಂದರೆ, ಅವರ ಪ್ರಶ್ನೆಯ ಹಿಂದೆ ಏನಿದೆ ಎಂಬುದು ನನಗೆ ಗೊತ್ತಿತ್ತು. ಮಂಗಳವಾರ ರಾತ್ರಿ ನಿದ್ದೆ ಬಾರದೆ ಪಾಲಿಸಿಯ ಸಣ್ಣಕ್ಷರಗಳನ್ನು ಮೊದಲ ಬಾರಿಗೆ ಪೂರ್ತಿ ಓದಿದ್ದೆ: ಹಠಾತ್ತಾಗಿ, ಆಕಸ್ಮಿಕವಾಗಿ ನೀರು ನುಗ್ಗಿ ಆದ ಹಾನಿಗೆ ಪರಿಹಾರವಿದೆ, ಆದರೆ ಬಹುಕಾಲದ ಜಿನುಗುವಿಕೆ, ಸವೆತ, ನಿರ್ವಹಣೆಯ ಕೊರತೆಯಿಂದ ಆದದ್ದಕ್ಕೆ ಇಲ್ಲ. ಒಡೆದ ಪೈಪನ್ನು ಸರಿಪಡಿಸುವ ಖರ್ಚೂ ನಮ್ಮದೇ, ಅದರಿಂದ ಹೊರಬಂದ ನೀರು ಮಾಡಿದ ಹಾಳಿಗೆ ಮಾತ್ರ ಅವರು ಹೊಣೆ.

‘ಹೌದು, ಅಮ್ಮ ಹೇಳಿದ್ದರು. ನಾನು ಕಪಾಟನ್ನು ಸರಿಸಿ ನೋಡಲಿಲ್ಲ’ ಎಂದೆ.

ಅವರ ಮುಖದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಕೈಯಲ್ಲಿದ್ದ ಹಲಗೆಯನ್ನು ಮಂಚದ ಮೇಲಿಟ್ಟು, ನಲ್ಲಿಯ ಜೋಡಣೆಯಿದ್ದ ಜಾಗವನ್ನೂ ಪೈಪ್ ಒಡೆದ ಜಾಗವನ್ನೂ ಬೆರಳಿನಿಂದ ತೋರಿಸಿದರು. ‘ನೋಡಿ ಅಮ್ಮಾ, ಇವು ಎರಡು ಬೇರೆ ಬೇರೆ ಸಂಗತಿಗಳು. ಇಲ್ಲಿ ಜೋಡಣೆ ಸಡಿಲವಾಗಿ ಬಹಳ ದಿನಗಳಿಂದ ಜಿನುಗಿದೆ. ಅದು ಒಣಗಿ, ಮತ್ತೆ ನೆನೆದು, ಉಂಗುರ ಉಂಗುರವಾಗಿ ಕಲೆ ಮಾಡಿದೆ. ಅಲ್ಲಿ ಪೈಪ್ ಒಂದೇ ಸಲಕ್ಕೆ ಸೀಳಿದೆ. ಅರ್ಜಿಯಲ್ಲಿ ಎರಡನ್ನೂ ಬೇರೆ ಮಾಡಿ ಬರೆಯಿರಿ. ಒಂದರೊಳಗೆ ಇನ್ನೊಂದನ್ನು ಸೇರಿಸಿದರೆ, ಸರಿಯಾಗಿ ಸಿಗಬೇಕಾದದ್ದಕ್ಕೂ ಅನುಮಾನ ಬರುತ್ತದೆ’ ಎಂದರು. ಅಮ್ಮ ತಲೆಯಾಡಿಸಿದರು. ಕಪಾಟು ಮತ್ತು ಅದರ ಹಿಂದಿನ ಗೋಡೆ ಬಹುಶಃ ಲೆಕ್ಕದಿಂದ ಹೊರಗೆ ಹೋಗುತ್ತವೆ. ಉಳಿದದ್ದಕ್ಕೂ ಅವರು ಯಾವ ಮಾತನ್ನೂ ಕೊಡಲಿಲ್ಲ.

ಒಂದು ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ವರ್ಷಕ್ಕೆ ಸುಮಾರು 11,000 ಲೀಟರ್ ನೀರು ಹೋಗುತ್ತದೆ ಎಂದು ಎಲ್ಲೋ ಓದಿದ್ದೆ. ಅಷ್ಟು ನೀರು ನಮ್ಮ ಗೋಡೆಯೊಳಗೆ ಇಳಿದಿರಲಾರದು ನಿಜ. ಆದರೂ ಅಮ್ಮ ವಾಸನೆಯ ಮಾತು ಹೇಳಿದ ದಿನದಿಂದ ಇಂದಿನವರೆಗೆ ಹನಿಗಳನ್ನು ಎಣಿಸುವ ಕೆಲಸವನ್ನು ನನ್ನ ತಲೆ ಬಿಡುತ್ತಿಲ್ಲ.

ಅಪ್ಪನ ಫೋಟೊ ಆಲ್ಬಂ ಆ ಕಪಾಟಿನ ತಳದಲ್ಲಿತ್ತು. ಮಂಗಳವಾರದ ನೀರಿನಲ್ಲೇ ನೆನೆದದ್ದು, ಅದರಲ್ಲಿ ಅನುಮಾನವಿಲ್ಲ. ಅಂಟಿಕೊಂಡ ಫೋಟೊಗಳನ್ನು ಒಣಗಿದ ಮೇಲೆ ಎಳೆದು ಬಿಡಿಸಬಾರದು, ತಣ್ಣನೆಯ ಶುದ್ಧ ನೀರಿನಲ್ಲಿ ನೆನೆಸಿಟ್ಟು ಅವು ತಾವಾಗಿ ಬಿಡುವವರೆಗೆ ಕಾಯಬೇಕು. ಅಮ್ಮ ಮೂರು ದಿನಗಳಿಂದ ಅದನ್ನೇ ಮಾಡುತ್ತಿದ್ದಾರೆ: ತಟ್ಟೆಯ ನೀರಿನಲ್ಲಿ ಒಂದೊಂದಾಗಿ ತೇಲಿಬಿಟ್ಟು, ಬಿಟ್ಟುಕೊಂಡದ್ದನ್ನು ಚಿತ್ರ ಮೇಲಾಗುವಂತೆ ಬಟ್ಟೆಯ ಮೇಲೆ ಹರಡುತ್ತಾರೆ. ಒಂದು ಫೋಟೊದಲ್ಲಿ ಅಪ್ಪನ ಭುಜದವರೆಗಿನ ಭಾಗ ಉಳಿದಿದೆ, ಮುಖದ ಜಾಗದಲ್ಲಿ ಬಣ್ಣ ಕರಗಿ ಹಳದಿ ಮಸುಕು ಕೂತಿದೆ. ಸರ್ವೇಯರ್ ಪಟ್ಟಿಯಲ್ಲಿ ‘ಆಲ್ಬಂ, 1’ ಎಂದು ಬರೆದು, ಎಷ್ಟು ವರ್ಷದ್ದು ಎಂದು ಕೇಳಿ, ಸವಕಳಿಯ, ಅಂದರೆ ವಸ್ತು ಹಳೆಯದಾದಂತೆ ಇಳಿಯುವ ಬೆಲೆಯ ಕಾಲಂನಲ್ಲಿ ಏನೋ ಗುರುತು ಹಾಕಿದರು. ಖಾಲಿ ಆಲ್ಬಮ್ಮಿನ ಬೆಲೆಗಿಂತ ಹೆಚ್ಚಿನದನ್ನು ಬರೆಯಲು ಆ ನಮೂನೆಯಲ್ಲಿ ಜಾಗವಿಲ್ಲ. ಅದು ಅವರ ತಪ್ಪಲ್ಲ. ಆದರೂ ಅಮ್ಮ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಸಂಜೆ ತಮ್ಮ ಫೋನ್ ಮಾಡಿದ್ದ. ‘ಅಕ್ಕ, ಅವರು ಬಂದಾಗ ಅಮ್ಮನನ್ನು ಒಳಗೆ ಕೂರಿಸುವುದಕ್ಕೆ ಏನಾಗಿತ್ತು? ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದು ಯಾಕೆ?’ ಎಂದು ಸಿಟ್ಟಾದ. ಅವನ ಸಿಟ್ಟು ಅರ್ಥವಾಗದ್ದೇನಲ್ಲ. ಪ್ರೀಮಿಯಂ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸಿಗುವುದಿಲ್ಲ ಎಂಬುದನ್ನು ಅವನಿಗೆ ಲೆಕ್ಕ ಹಾಕಿಯೇ ಹೇಳಬೇಕಾಯಿತು. ಮನೆಯ ವಸ್ತುಗಳ ನಿಜವಾದ ಬೆಲೆ 100 ಇದ್ದು ನಾವು 60ಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 10ರಷ್ಟು ಹಾನಿಯಾದಾಗ ನಮ್ಮ ಪಾಲಿಸಿಯ ಷರತ್ತಿನಂತೆ ಬರುವುದು 6 ಮಾತ್ರ, ಉಳಿದ 4ನ್ನು ನಾವೇ ಹೊರಬೇಕು. ಮೊದಲ ವರ್ಷ ಬರೆಸಿದ ಮೊತ್ತವನ್ನೇ ನಾನು ಪ್ರತಿ ವರ್ಷ ಓದದೆ ನವೀಕರಿಸುತ್ತಾ ಬಂದಿದ್ದೇನೆ, ಆಮೇಲೆ ಕೊಂಡ ಯಾವ ವಸ್ತುವೂ ಅದರಲ್ಲಿಲ್ಲ. ಇದು ಅಮ್ಮನ ಮಾತಿನಿಂದ ಆದ ನಷ್ಟವಲ್ಲ. ಅವನು ಸುಮ್ಮನಾದ, ಆದರೆ ಫೋನ್ ಇಡುವ ಮುಂಚೆ, ‘ಏಳನೆಯ ಕಾಲಂನಲ್ಲಿ ಮಾರ್ಚ್ 11 ಎಂದೇ ಬರೆ’ ಎಂದ.

ಬರೆದರೆ ಅದು ಪೂರ್ತಿ ಸುಳ್ಳೂ ಅಲ್ಲ. ಪೈಪ್ ಒಡೆದದ್ದು ಅಂದೇ. ಪಾಲಿಸಿಯಲ್ಲಿ ಎರಡು ಕಡೆ ಬರುವ ‘ಪರಮ ಸದ್ಭಾವನೆ’ ಎಂಬ ಮಾತಿನ ಮೂಲವನ್ನು ಹುಡುಕುತ್ತಾ ಹೋದಾಗ 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟ ಕಾರ್ಟರ್ ಮತ್ತು ಬೋಹ್ಮ್ ಮೊಕದ್ದಮೆ ಸಿಕ್ಕಿತು. ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುವ ಸಂಗತಿಗಳು ಬಹಳ ಇರುತ್ತವೆ, ವಿಮೆ ಕೊಡುವವನು ಅವನ ಮಾತನ್ನು ನಂಬಿಯೇ ಮುಂದುವರಿಯುತ್ತಾನೆ ಎಂಬುದು ಅದರ ತಿರುಳು. ಆದರೆ ಆ ಮೊಕದ್ದಮೆಯಲ್ಲಿ ಗೆದ್ದದ್ದು ವಿಮೆ ಮಾಡಿಸಿದವನೇ, ಏಕೆಂದರೆ ಅವನು ಹೇಳದೆ ಬಿಟ್ಟದ್ದನ್ನು ಎದುರಿನವನು ತಾನಾಗಿಯೇ ತಿಳಿಯಬಹುದಿತ್ತು. ನಮ್ಮ ಕಪಾಟಿನ ಹಿಂದಿನ ವಾಸನೆಯನ್ನು ಹಾಗೆ ತಿಳಿಯಬಲ್ಲವರು ಯಾರೂ ಇರಲಿಲ್ಲ. ಅದು ಅಮ್ಮನಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

ಆದ್ದರಿಂದ ಬೇರೆ ಹಾಳೆಯೊಂದನ್ನು ಲಗತ್ತಿಸಿ ಎರಡನ್ನೂ ಬರೆಯಲು ತೀರ್ಮಾನಿಸಿದ್ದೇನೆ. ಪೈಪಿನದು ಮಾರ್ಚ್ 11. ಕಪಾಟಿನ ಹಿಂದಿನ ತೇವದ ದಿನಾಂಕಕ್ಕಾಗಿ ಈಗಷ್ಟೇ ಅಮ್ಮನನ್ನು ಕೇಳಿದೆ. ಫೆಬ್ರವರಿ ಎರಡನೆಯ ವಾರ ಇರಬಹುದೇ ಎಂದೆ. ಅವರು ತಟ್ಟೆಯಿಂದ ಕೈ ತೆಗೆಯದೆ, ‘ಒಂಬತ್ತನೇ ತಾರೀಖು, ಭಾನುವಾರ. ಮಾರನೆಯ ದಿನ ನೀನು ಪ್ರಯಾಣ ಹೊರಟಿದ್ದೆ. ಬಂದ ಮೇಲೆ ನೋಡುತ್ತೇನೆ ಎಂದಿದ್ದೆ’ ಎಂದರು. ನಾನು ಬಂದದ್ದು ಹದಿಮೂರಕ್ಕೆ. ಅಂದು ರಾತ್ರಿ ಊಟವಾದ ಮೇಲೆ ಅಮ್ಮ ಮತ್ತೊಮ್ಮೆ ಕಪಾಟಿನ ಬಾಗಿಲು ತೆರೆದು ನನ್ನನ್ನು ಕರೆದ ನೆನಪು ಈಗ ಬರುತ್ತಿದೆ, ನಾನು ಕೋಣೆಯಿಂದಲೇ