‘ಚರಗ’ ಅಂತ ಯಾಕೆ ಹೆಸರಿಟ್ಟೆ?

ನಾನು ಬರೆಯುವ ಬರಹಗಳಿಗೆಲ್ಲ ‘ಚರಗ’ ಅಂತ ಒಂದೇ ಹೆಸರು ಇಟ್ಟಿದ್ದೇನೆ. ಇಟ್ಟ ದಿನದಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರೇ ಕೇಳಿದರೂ ಇದನ್ನು ಓದಿ ಅನ್ನುತ್ತೇನೆ.

ಕೇಳುವುದು ತಪ್ಪಲ್ಲ. ಕೇಳುವ ರೀತಿ ಇದೆಯಲ್ಲ, ಅದು ಸಿಟ್ಟು ತರಿಸುತ್ತದೆ. ‘ಚರಕ ಅಂತ ಬರೆಯೋಕೆ ಹೋಗಿ ತಪ್ಪಾಯ್ತಾ?’ ಅಂತ ಒಬ್ಬರು. ‘ಆಯುರ್ವೇದದ ಬಗ್ಗೆ ಬರೀತೀರಾ?’ ಅಂತ ಇನ್ನೊಬ್ಬರು. ‘ನಿಮ್ಮ ಕಡೆ ಮಾತು ಬಿಟ್ಟು, ಎಲ್ಲರಿಗೂ ಅರ್ಥ ಆಗೋ ಹೆಸರು ಇಡಬಹುದಿತ್ತಲ್ವಾ?’ ಅಂತ ಮತ್ತೊಬ್ಬರು. ಈ ‘ಎಲ್ಲರೂ’ ಅನ್ನುವುದರಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಜನ ಯಾಕೆ ಸೇರುವುದಿಲ್ಲ? ಚರಗ ಅಂದರೆ ಏನು ಅಂತ ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ವಿಜಯಪುರ, ಬಾಗಲಕೋಟೆ, ರಾಯಚೂರಿನ ಕಡೆಯೂ ಗೊತ್ತು. ಇಷ್ಟು ಜಿಲ್ಲೆಗಳ ಜನಕ್ಕೆ ಗೊತ್ತಿರುವುದು ಸಾಲದೇ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾರ್ಗಶಿರ ಮಾಸದ ಕೊನೆಗೆ ಎಳ್ಳ ಅಮಾವಾಸ್ಯೆ ಬರುತ್ತದೆ. 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು. ಆ ಹೊತ್ತಿಗೆ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತು ತೆನೆ ಕಟ್ಟುತ್ತಿರುತ್ತದೆ. ಕಡಲೆ ಕಾಯಿ ಹಿಡಿದಿರುತ್ತದೆ. ತೊಗರಿ ಕೊಯ್ಲಿಗೆ ಬಂದಿರುತ್ತದೆ. ಭೂಮಿತಾಯಿ ತುಂಬಿದ ಬಸುರಿ, ಆಕೆಗೆ ಬಯಕೆ ಊಟ ಉಣ್ಣಿಸಬೇಕು ಅಂತ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಹೊಲ ಇಲ್ಲದವರು ಹೊಲ ಇರುವ ಗೆಳೆಯರ ಜೊತೆ ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಲಬುರಗಿ ಪೇಟೆ ಬಿಕೋ ಅನ್ನುತ್ತದೆ.

ಊಟದಲ್ಲಿ ದೊಡ್ಡದು ಭಜ್ಜಿ. ಎಣ್ಣೆಯಲ್ಲಿ ಕರಿಯುವ ಮಿರ್ಚಿ ಭಜ್ಜಿ ಅಲ್ಲ. ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ ಬೇಯಿಸಬೇಕು. ಮೆಂತ್ಯ, ಪಾಲಕ, ಪುಂಡಿಪಲ್ಲೆ, ಉಳ್ಳಾಗಡ್ಡಿ ತಪ್ಪಲು ಹೆಚ್ಚಿ ಹಾಕಬೇಕು. ಬದನೆ, ಗಜ್ಜರಿ, ಆ ದಿನ ಏನು ಸಿಕ್ಕರೆ ಅದು. ಹುಣಸೆ ಹುಳಿ ಬಿಟ್ಟು, ಕಡಲೆ ಹಿಟ್ಟು ನೀರಲ್ಲಿ ಕದಡಿ ಸುರಿದು, ಮಂದ ಆಗುವವರೆಗೆ ತಿರುವುತ್ತಲೇ ಇರಬೇಕು. ಕೊನೆಗೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ನಮ್ಮ ಮನೆಯಲ್ಲಿ ಅವ್ವ ಬೆಳಗಿನ ಜಾವವೇ ಎದ್ದು ದೊಡ್ಡ ಪಾತ್ರೆಯಲ್ಲಿ ಮಾಡುತ್ತಾಳೆ, ತಿರುವಿ ತಿರುವಿ ಆಕೆಯ ರಟ್ಟೆ ನೋಯುತ್ತದೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಅಂಬಲಿ.

ಹೊಲದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಕುಂಕುಮ ಇಡುತ್ತಾರೆ. ಅವರೇ ಪಾಂಡವರು. ಪೂಜೆ ಮುಗಿದ ಮೇಲೆ ಎಲ್ಲ ಅಡುಗೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಒಂದೇ ಪಾತ್ರೆಯಲ್ಲಿ ಕಲಸುತ್ತಾರೆ. ಅದು ಚರಗ. ಒಬ್ಬರು ಕೂಗುತ್ತಾ ಹೊಲದ ಸುತ್ತ ಅದನ್ನು ಚೆಲ್ಲುತ್ತಾ ಹೋದರೆ, ಹಿಂದೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾ ಬರುತ್ತಾರೆ. ಇದು ಆಗುವವರೆಗೆ ಮನುಷ್ಯರು ಯಾರೂ ಉಣ್ಣುವ ಹಾಗಿಲ್ಲ. ಇರುವೆ, ಹಕ್ಕಿ, ಹುಳ, ಮಣ್ಣು, ಯಾರ ಪಾಲು ಯಾರಿಗೆ ಅಂತ ಲೆಕ್ಕ ಇಲ್ಲ. ಇಂಥವರಿಗೇ ಅಂತ ಹೆಸರು ಹಿಡಿದು ಚೆಲ್ಲುವುದೂ ಇಲ್ಲ. ನನಗೆ ಈ ಹೆಸರು ಬೇಕೆನಿಸಿದ್ದು ಇದಕ್ಕೇ. ನಾನೂ ಹಾಗೇ ಬರೆಯುತ್ತೇನೆ, ಯಾರಿಗೆ ಬೇಕೋ ಅವರು ತೆಗೆದುಕೊಳ್ಳಲಿ ಅಂತ.

ಇಷ್ಟು ಹೇಳಿದ ಮೇಲೂ ‘ಇದಕ್ಕೆ ವೈಜ್ಞಾನಿಕ ಕಾರಣ ಏನು?’ ಅಂತ ಕೇಳುವವರಿದ್ದಾರೆ. ಚರಗಕ್ಕೆ ಹಕ್ಕಿ ಬರುತ್ತವೆ, ಬಂದ ಹಕ್ಕಿ ತೊಗರಿಯ ಕಾಯಿಕೊರಕ ಹುಳವನ್ನೂ ತಿನ್ನುತ್ತವೆ ಅಂತ ಹೇಳುತ್ತಾರೆ. ಇರಬಹುದು. ಆದರೆ 1997-98ರಲ್ಲಿ ಅದೇ ಹುಳ ನಮ್ಮ ಜಿಲ್ಲೆಯ ತೊಗರಿಯನ್ನು ತಿಂದು ಹಾಕಿದಾಗ ನಮ್ಮವರು ಗಿಡ ಅಲ್ಲಾಡಿಸಿ, ಉದುರಿದ ಹುಳವನ್ನು ಅರಿವೆಯಲ್ಲಿ ಆರಿಸಬೇಕಾಯಿತು. ಹುಳದ ಕಷ್ಟ ಅವರಿಗೆ ಚೆನ್ನಾಗಿ ಗೊತ್ತು. ಹಾಗಂತ ಅವರು ಚರಗ ಚೆಲ್ಲುವುದು ಹುಳ ಸಾಯಲಿ ಅಂತಲ್ಲ. ಕೊಟ್ಟ ಹೊಲಕ್ಕೆ ಒಂದು ದಿನ ತಿರುಗಿ ಕೊಡಬೇಕು ಅಂತ. ಅಷ್ಟು ಕಾರಣ ಸಾಕು.

ಇನ್ನು, ಬರೆಯೋಕೆ ಶುರು ಮಾಡಿದ್ದು ಯಾಕೆ?

ಕೆಲಸಕ್ಕೆ ಸೇರಿದ ಹೊಸತು. ಬೆಂಗಳೂರಿನ ಒಂದು ಆಫೀಸು. ಎಳ್ಳ ಅಮಾವಾಸ್ಯೆಗೆ ರಜೆ ಕೇಳಿದೆ. ಮೇಲಿನವರು ರಜೆ ಪಟ್ಟಿ ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿದರು. ‘ಇಂಥ ಹಬ್ಬ ಇಲ್ವಲ್ಲಮ್ಮ. ಅಮಾವಾಸ್ಯೆ ಅಂದ್ರೆ ಕೆಟ್ಟ ದಿನ ಅಲ್ವಾ? ಆ ದಿನ ಎಂಥ ಹಬ್ಬ?’ ಅಂದರು. ನಾನು ಹೇಳತೊಡಗಿದೆ. ಹೊಲಕ್ಕೆ ಹೋಗುತ್ತೇವೆ, ಚರಗ ಚೆಲ್ಲುತ್ತೇವೆ ಅನ್ನುವಷ್ಟರಲ್ಲಿ ತಡೆದು, ‘ಅಂದ್ರೆ ಊಟ ಬಿಸಾಡ್ತೀರಾ?’ ಅಂತ ಕೇಳಿದರು. ಪಕ್ಕದ ಮೇಜಿನವರು ನಕ್ಕರು. ‘ಪಿಕ್ನಿಕ್ಕಿಗೆ ಭಾನುವಾರ ಹೋಗಿ’ ಅಂದರು. ರಜೆ ಸಿಗಲಿಲ್ಲ.

ಹಬ್ಬದ ದಿನ ಮಧ್ಯಾಹ್ನ ಅವ್ವ ಹೊಲದಿಂದ ಫೋನ್ ಮಾಡಿದಳು. ‘ಎಲ್ಲಾರೂ ಬಂದಾರ, ನೀನೊಬ್ಬಾಕಿ ಇಲ್ಲ ನೋಡವ್ವಾ. ಊಟ ಮಾಡ್ದಿ?’ ಅಂದಳು. ಮಾಡಿದೆ ಅಂದೆ. ಕಾಕಾ ಕೂಗುವುದು, ಮಕ್ಕಳು ಅವರ ಹಿಂದೆ ಓಡುವುದು ಎಲ್ಲ ಫೋನಿನಲ್ಲಿ ಕೇಳುತ್ತಿತ್ತು. ಆ ರಾತ್ರಿ ಕೂತು, ಆ ಮೇಜಿನ ಮುಂದೆ ಹೇಳಲಾಗದೆ ಉಳಿದದ್ದನ್ನೆಲ್ಲ ಬರೆದೆ. ಭಜ್ಜಿಗೆ ಏನೇನು ಬೀಳುತ್ತದೆ, ಕಲ್ಲು ಯಾಕೆ ಐದು, ನೀರು ಚಿಮುಕಿಸುವವರು ಯಾಕೆ ಹಿಂದೆಯೇ ಬರಬೇಕು, ಎಲ್ಲ. ಅದೇ ನನ್ನ ಮೊದಲ ಬರಹ. ಮೇಲೆ ‘ಚರಗ’ ಅಂತ ಬರೆದಿದ್ದೆ. ಆಮೇಲೆ ಬರೆದವಕ್ಕೂ ಅದೇ ಹೆಸರು ಉಳಿಯಿತು.

ಬರೆಯುತ್ತಾ ಹೋದ ಹಾಗೆ ಬರೆಯೋಕೆ ಎಷ್ಟಿದೆ ಅಂತ ಗೊತ್ತಾಯಿತು. ಬೀದರಿನ ನೆಲದಡಿ ಇರುವ ಸುರಂಗ ಬಾವಿ, ಕಾಗಿಣಾ ನದಿ ದಂಡೆಯಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಸಿಕ್ಕ, ಹೆಸರು ಕೆತ್ತಿದ ಅಶೋಕನ ಶಿಲ್ಪ, ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ ಕಲ್ಲು. ನಮ್ಮ ಹೆಸರು ಸುದ್ದಿಯಲ್ಲಿ ಬರುವುದು ಬಿಸಿಲು ಏರಿದಾಗ, ಬರ ಬಿದ್ದಾಗ, ‘ಹಿಂದುಳಿದ’ ಅಂತ ಹೇಳಬೇಕಾದಾಗ. ಇಲ್ಲಿ ಕೊಡೋಕೂ ಬೇಕಾದಷ್ಟಿದೆ ಅಂತ ಹೇಳುವವರು ಬೇಕಲ್ವಾ?

ಆದರೆ ನಿಜ ಹೇಳುತ್ತೇನೆ, ಹೆಸರಿನ ಅರ್ಥ ಕೇಳುವವರು ಇನ್ನೊಂದು ಪ್ರಶ್ನೆ ಕೇಳಲಿ ಅಂತ ನಾನು ಕಾಯುತ್ತಿದ್ದೇನೆ. ಆ ಚರಗದ ಪಾತ್ರೆಯಲ್ಲಿರುವ ಕಡುಬಿನ ಜೋಳ ಯಾವ ಹೊಲದ್ದು?

ನಮ್ಮದಲ್ಲ. ಅಂಗಡಿಯಿಂದ ತಂದದ್ದು.

ನಮ್ಮ ಹೊಲ ಇರುವುದು ಜೇವರ್ಗಿ ತಾಲ್ಲೂಕಿನಲ್ಲಿ, ಒಳ್ಳೆ ಎರೆ ಭೂಮಿ. ಮುತ್ಯಾ, ಅಂದರೆ ಅಜ್ಜ, ಇದ್ದಾಗ ಹಿಂಗಾರಿಗೆ ಜೋಳ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಮಳೆಗಾಲದಲ್ಲಿ ಹೊಲ ಖಾಲಿ ಬಿಟ್ಟು, ಮಣ್ಣು ಕುಡಿದ ನೀರಿನ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದರೆ ಮುಂದೆ ಮಳೆ ಬರದಿದ್ದರೂ ಜೋಳ ಬರುತ್ತಿತ್ತು. ಈಗ ಜೂನ್, ಜುಲೈಗೇ ತೊಗರಿ ಬಿತ್ತುತ್ತೇವೆ. ಅದು ಡಿಸೆಂಬರ್‌ವರೆಗೆ ಹೊಲ ಬಿಡುವುದಿಲ್ಲ. ಜೋಳ ಬಿತ್ತುವ ಹೊತ್ತಿಗೆ ಜಾಗವೇ ಇರುವುದಿಲ್ಲ.

ತೊಗರಿಗೆ ನಾಲ್ಕು ಕಾಸು ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. 2022ರಲ್ಲಿ ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದ್ದನ್ನೂ ನೋಡಿದ್ದೇವೆ. ಒಂದೇ ಬೆಳೆ ನಂಬಿದರೆ ಹೋದಾಗ ಎಲ್ಲ ಒಟ್ಟಿಗೇ ಹೋಗುತ್ತದೆ.

ಜೋಳ ಯಾಕೆ ಬಿಟ್ಟಿರಿ ಅಂತ ಕಾಕಾನನ್ನು ಕೇಳಿದರೆ, ‘ಬಿತ್ತಬಹುದವ್ವಾ, ಕೀಳವರ್ಯಾರು?’ ಅನ್ನುತ್ತಾರೆ. ಜೋಳವನ್ನು ಬೇರು ಸಮೇತ ಕೈಯಲ್ಲೇ ಕೀಳಬೇಕು. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಮೊದಲು ಎತ್ತುಗಳಿಗೆ ಕಣಕಿ, ಅಂದರೆ ಜೋಳದ ಒಣ ದಂಟು, ಬೇಕು ಅಂತಾದರೂ ಬಿತ್ತುತ್ತಿದ್ದರು. ಟ್ರ್ಯಾಕ್ಟರ್ ಬಂತು, ಎತ್ತು ಹೋದವು, ಕಣಕಿ ಕೇಳುವವರಿಲ್ಲ. ಇನ್ನು ಸುತ್ತ ಎಲ್ಲ ತೊಗರಿ, ನಡುವೆ ಒಬ್ಬರದೇ ಜೋಳ ಅಂದರೆ ಊರಿನ ಗಿಣಿ, ಗುಬ್ಬಿ ಎಲ್ಲ ಅಲ್ಲಿಗೇ ಇಳಿಯುತ್ತವೆ. ಅಟ್ಟ ಕಟ್ಟಿ, ಕವಣೆ ಬೀಸುತ್ತಾ ದಿನವಿಡೀ ಕಾಯಬೇಕು. ಎಲ್ಲರೂ ಜೋಳ ಬಿತ್ತುತ್ತಿದ್ದಾಗ ಹಕ್ಕಿಗಳ ಪಾಲು ಎಲ್ಲರ ಹೊಲಕ್ಕೂ ಹಂಚಿಹೋಗುತ್ತಿತ್ತು. ಈಗ ಬಿತ್ತಿದವನೊಬ್ಬನೇ ಅಷ್ಟನ್ನೂ ಕೊಡಬೇಕು.

ಬಯಕೆ ಊಟ ಅಂತ ಅಂಗಡಿಯ ಜೋಳ ತಂದು ನಮ್ಮ ಹೊಲಕ್ಕೆ ಉಣ್ಣಿಸುವುದು ನನಗೆ ಸಂಕಟ. ಅದನ್ನು ಎರಡು ವರ್ಷ ಬರೆದೆ, ಮನೆಯಲ್ಲೂ ಹೇಳಿದೆ. ಈ ಸಲ ಬದುವಿನ ಕಡೆ ಒಂದು ಪಟ್ಟಿ ತೊಗರಿ ಬಿತ್ತದೆ ಜೋಳಕ್ಕೆ ಬಿಡಲು ಕಾಕಾ ಒಪ್ಪಿದ್ದಾರೆ. ಷರತ್ತು ಎರಡು. ಹಕ್ಕಿ ಕಾಯೋಕೆ ಮತ್ತು ಕೀಳೋಕೆ ನಾನೇ ಬರಬೇಕು. ಬೀಜ ಮಾಲದಂಡಿ ತಳಿಯದೇ ಆಗಬೇಕು, ಬೇರೆ ಹಾಕಿದರೆ ರೊಟ್ಟಿಗೆ ರುಚಿ ಇಲ್ಲವಂತೆ. ಎರಡಕ್ಕೂ ಹೂಂ ಅಂದಿದ್ದೇನೆ.