ಕೋಲ್ಡ್ ಫೀಟ್ ಅಂದ್ರೆ ಕಾಲು ತಣ್ಣಗಾಗೋದಾ?

ಇಂಗ್ಲಿಷ್ ಕಲಿಯುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಐ ಆಮ್ ಹ್ಯಾಪಿ, ಐ ಆಮ್ ಸ್ಯಾಡ್ ಅಂತ ಎಷ್ಟು ದಿನ ಹೇಳೋದು? ಮಾತಿಗೆ ಜೀವ ಬರೋ ಹಾಗೆ ಈಡಿಯಮ್, ಅಂದ್ರೆ ನುಡಿಗಟ್ಟು, ಬಳಸಬಹುದಾ?"

ಬಳಸಿ. ಆದರೆ ಅರ್ಥ ಗೊತ್ತಾದ ಕೂಡಲೇ ಬೇಡ. ಅದರ ತೂಕ ಗೊತ್ತಾಗೋ ತನಕ ಕಾಯಿರಿ.

ನಾನು ಕಾಯದೆ ಕೆಟ್ಟವನು. ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಾಗ ಕಳಿಸಿದ ಮೇಲ್‌ನಲ್ಲಿ 'ಯೂ ಮಸ್ಟ್ ಬಿ ಡೌನ್ ಇನ್ ದ ಡಂಪ್ಸ್' ಅಂತ ಸೇರಿಸಿದ್ದೆ. ನಿಘಂಟಿನಲ್ಲಿ ಅದಕ್ಕೆ ದುಃಖ ಅಂತಲೇ ಇತ್ತು. ಆದರೆ ಅದು ಮ್ಯಾಚ್ ಸೋತಾಗ, ಸೋಮವಾರ ಬೆಳಿಗ್ಗೆ ಮುಖ ಬಾಡಿದಾಗ ಹೇಳುವ ಮಾತು. ಸಾವಾದ ಮನೆಗೆ ಹೋಗಿ 'ಯಾಕೋ ಸ್ವಲ್ಪ ಡಲ್ ಆಗಿದ್ದೀರಿ' ಅಂದ ಹಾಗಾಯಿತು. ಅವರು ಏನೂ ಅನ್ನಲಿಲ್ಲ. ಇನ್ನೊಬ್ಬರು ಮೆಲ್ಲಗೆ ಪಕ್ಕಕ್ಕೆ ಕರೆದು ಹೇಳಿದರು. ನೆನಪಾದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅಂಥ ಹೊತ್ತಿಗೆ 'ಐ ಆಮ್ ಸೋ ಸಾರಿ' ಸಾಕು.

ನಮ್ಮ ಮಾತಿನ ಹಾಗೇ ಕಾಣುವ ಈಡಿಯಮ್‌ಗಳು ಇನ್ನೂ ಮೋಸ. 'ಕೋಲ್ಡ್ ಫೀಟ್' ತಗೊಳ್ಳಿ. ಹೆದರಿದರೆ ನಮಗೆ ಕೈಕಾಲು ತಣ್ಣಗಾಗುತ್ತದೆ. ಹಾಗಾಗಿ ಹಾವು ಕಂಡ ಕಥೆಯಲ್ಲಿ 'ಐ ಗಾಟ್ ಕೋಲ್ಡ್ ಫೀಟ್' ಅಂದುಬಿಡುತ್ತೇವೆ. ಅದಲ್ಲ ಅದು. ಮಾಡ್ತೀನಿ ಅಂತ ಒಪ್ಪಿಕೊಂಡ ಕೆಲಸಕ್ಕೆ ಕೊನೇ ಗಳಿಗೆಯಲ್ಲಿ ಧೈರ್ಯ ಸಾಲದೆ ಹಿಂಜರಿಯುವುದು. ಮದುವೆ ಗೊತ್ತಾದ ಮೇಲೆ, ರಾಜೀನಾಮೆ ಪತ್ರ ಬರೆದಿಟ್ಟ ಮೇಲೆ ಆಗುತ್ತಲ್ಲ, ಆ ಪುಕ್ಕಲು. ಹಾವಿಗಾದರೆ 'ಮೈ ಹಾರ್ಟ್ ವಾಸ್ ಇನ್ ಮೈ ಮೌತ್' ಅನ್ನಿ. ನಮ್ಮ 'ಜೀವ ಬಾಯಿಗೆ ಬಂತು' ಪಕ್ಕದಲ್ಲೇ ಕೂತಿದೆ, ಅಲ್ವಾ?

ಸಿಟ್ಟಿನ ವಿಷಯದಲ್ಲಿ ಕಷ್ಟವಿಲ್ಲ, ರಕ್ತ ಎರಡೂ ಕಡೆ ಕುದಿಯುತ್ತದೆ. ಖುಷಿಯೂ ಹಾಗೆಯೇ. ಇಂಗ್ಲಿಷಿನಲ್ಲಿ ಖುಷಿ ಮೇಲಕ್ಕೆ, ದುಃಖ ಕೆಳಕ್ಕೆ ಅಂತ ಭಾಷಾತಜ್ಞ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲೇ ತೋರಿಸಿದ್ದರು. ಖುಷಿಯಾದರೆ ಇಂಗ್ಲಿಷಿನವರು 'ಓವರ್ ದ ಮೂನ್', ನಮಗೆ ಸ್ವರ್ಗಕ್ಕೆ ಮೂರೇ ಗೇಣು. ಹೊಟ್ಟೆಕಿಚ್ಚು ಮಾತ್ರ ಬೇರೆ. ನಮ್ಮದು ಉರಿಯುತ್ತದೆ, ಅವರದು ಹಸಿರಾಗುತ್ತದೆ. ಶೇಕ್ಸ್‌ಪಿಯರ್‌ನ 'ಒಥೆಲೋ' ನಾಟಕದಲ್ಲಿ ಖಳ ಇಯಾಗೋ ನಾಯಕ ಒಥೆಲೋಗೆ ಹೆದರಿಸುವುದೂ ಹಸಿರು ಕಣ್ಣಿನ ರಾಕ್ಷಸನ ಹೆಸರು ಹೇಳಿಯೇ. ಆದರೆ ಗೆಳೆಯರ ಪ್ರವಾಸದ ಫೋಟೋ ನೋಡಿ 'ಐ ಆಮ್ ಗ್ರೀನ್ ವಿತ್ ಎನ್ವಿ' ಅಂತ ನಗುತ್ತಲೇ ಹೇಳಬಹುದು. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಪದಗಳನ್ನು ಸುಮ್ನೆ ಬದಲಿಸೋಕೆ ಹೋಗಬೇಡಿ. ಇಂಟರ್‌ವ್ಯೂಗೆ ಮುಂಚೆ ಅಳುಕಾದರೆ ಹೊಟ್ಟೆಯಲ್ಲಿ 'ಬಟರ್‌ಫ್ಲೈಸ್' ಇರಬೇಕು. ಒಂದೇ ಚಿಟ್ಟೆ ಅಂದರೆ ನುಂಗಿಬಿಟ್ಟಿರಾ ಅಂತ ಕೇಳುತ್ತಾರೆ.

ಹಾಗೇ, ಒಂದು ಸಲಕ್ಕೆ ಒಂದೇ. ಜಾಸ್ತಿ ಆದರೆ ಭಾವನೆ ಹೋಗಿ ಬಾಯಿಪಾಠ ಕಾಣುತ್ತದೆ. ಪರಿಚಯದ ಹುಡುಗನೊಬ್ಬ ಕೆಲಸ ಸಿಕ್ಕ ಖುಷಿಯಲ್ಲಿ 'ಐ ಆಮ್ ಓವರ್ ದ ಮೂನ್, ಆನ್ ಕ್ಲೌಡ್ ನೈನ್' ಅಂತ ಮೆಸೇಜ್ ಹಾಕಿದ್ದ. "ಇಷ್ಟು ಬೇಗ ಚಂದ್ರನಿಂದ ಮೋಡಕ್ಕೆ ಇಳಿದುಬಿಟ್ಯಾ?" ಅಂತ ಕೇಳಿದೆ.